ಕರೆಂಟ್ ಬಿಲ್ ತಿಳಿಯೋ ಹಂಗ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಮೇ ತಿಂಗಳ ಬಿಸಲಿಗೆ ಕೂಲರ್ ಹಗಲು ರಾತ್ರಿ ತಿರುಗಿ ನಮ್ಮನಿ ಮೀಟರ್ 206 ಯೂನಿಟ್ ತೋರಿಸ್ತು, 200 ಯೂನಿಟ್ ತನಕ ಪುಕ್ಕಟೆ ಕರೆಂಟ್ ಕೊಡೋ ಸರ್ಕಾರದ ಗೃಹಜ್ಯೋತಿ ಐತಲ್ಲ, ಮ್ಯಾಲಿನ ಆರು ಯೂನಿಟ್ಟಿಂದಷ್ಟ ರೊಕ್ಕ ಬರ್ತೈತಿ ಅಂತ ಆರಾಮ ಕುಂತಿದ್ದೆ, ಆದ್ರ 200 ದಾಟಿದ್ರ ಪೂರಾ ಬಿಲ್ ನಾವ ಕಟ್ಟಬೇಕಂತ್ರಿ! ಚೀಟಿ ನೋಡಿದ್ರ ಅಕ್ಷರ ಅರ್ಧ ಮಾಸ್ಯಾವ. ನಿಗದಿತ ಶುಲ್ಕ ಅಂದ್ರ ಮಂಜೂರಾದ ಕಿಲೋವ್ಯಾಟ್ ಲೆಕ್ಕದ್ದು, ಮನಿಗೆ ಕೀಲಿ ಹಾಕಿ ಊರಿಗೆ ಹೋದ್ರೂ ಬೀಳ್ತೈತಿ, ಹೊಂದಾಣಿಕೆ ಶುಲ್ಕ ಕರೆಂಟ್ ಖರೀದಿ ರೇಟ್ ಏರಿಳಿದಂಗ ಬದಲಾಗ್ತೈತಿ, 2025ರ ಏಪ್ರಿಲ್‌ದಿಂದ ಕರೆಂಟ್ ಕಂಪನಿ ನೌಕರರ ಪಿಂಚಣಿ, ಗ್ರಾಚ್ಯುಟಿಗಂತ ಯೂನಿಟ್ ಲೆಕ್ಕದಾಗ ಬ್ಯಾರೆ ರೊಕ್ಕ, ಮೊದಲ ವರ್ಷ ಅದು ಯೂನಿಟ್‌ಗೆ 36 ಪೈಸೆ ಇತ್ತು. ಇಷ್ಟೆಲ್ಲಾ ನಂಗ ತಿಳಿಸಿದಾಂವ ನಮ್ಮ ಓಣಿ ವೈರ್‌ಮನ್, ಅದೂ ಚಾ ಕುಡಕೋತ. ಚೀಟಿ ಹಿಂದ ಕನ್ನಡದಾಗ ನಾಕ ಸಾಲು ಅಚ್ಚು ಹಾಕಾಕ ಏನ್ ತ್ರಾಸರಿ?

– ಒಬ್ಬ ಗ್ರಾಹಕ, ವಿಜಯಪುರ