ಬಿ.ಎಂ. ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ಹಾಸನದ ಆ ಅಂಗಡಿಯಲ್ಲಿ ನಿಮ್ಮ ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಪಿಯುಸಿ ಗಣಿತದ ಪ್ರಶ್ನೆಪತ್ರಿಕೆಗೆ ‘ಗಣಕ್ಕೆ ಸೇರಿದೆ’ ಎನ್ನುವ ಚಿಹ್ನೆ ಸಿಗದೆ ಒದ್ದಾಡುತ್ತಿದ್ದೆ. ಮಾಡಿಸುತ್ತಿದ್ದ ಮದುವೆ ಪತ್ರಿಕೆ ಪಕ್ಕಕ್ಕಿಟ್ಟು ನೀವೇ ಬಂದು ಹೇಳಿಕೊಟ್ಟಿರಿ.

ವರ್ಡ್‌ನಲ್ಲಿ ಆಲ್ಟ್ ಜೊತೆ ಸಮಚಿಹ್ನೆ ಒತ್ತಿದರೆ ಸಮೀಕರಣದ ಜಾಗ ತೆರೆಯುತ್ತದೆ. ಬ್ಯಾಕ್‌ಸ್ಲ್ಯಾಶ್ ಹಾಕಿ, ಇಂಗ್ಲಿಷ್ ಅಕ್ಷರಗಳಲ್ಲಿ ಥೀಟಾ ಎಂದು ಬರೆದು ಸ್ಪೇಸ್ ಕೊಟ್ಟರೆ ಗ್ರೀಕ್ ಅಕ್ಷರವೇ ಬಂದು ಕೂರುತ್ತದೆ! ನನ್ನ ಚಿಹ್ನೆಗೆ ಯೂನಿಕೋಡ್ ಸಂಖ್ಯೆ 2208 ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿಸಿದಿರಿ. ‘ಎಲ್ಲಕ್ಕೂ’ ಎನ್ನುವ ಚಿಹ್ನೆಗೆ 2200 ಎಂದು ಚೀಟಿಯಲ್ಲಿ ಬರೆದೂ ಕೊಟ್ಟಿರಿ.

ಚಿತ್ರವಾಗಿ ಅಂಟಿಸಿದ ಚಿಹ್ನೆಗಳು ಜೆರಾಕ್ಸಿನಲ್ಲಿ ಮಸುಕಾಗಿ ಮಕ್ಕಳು ಪರದಾಡುತ್ತಿದ್ದರು. ಈ ಸಲ ಒಬ್ಬರೂ ಎದ್ದು ಕೇಳಲಿಲ್ಲ. ತುಂಬಾ ಉಪಕಾರವಾಯಿತು ಅಣ್ಣಾ.