ಕಡಲ ಮರಳನ್ನ ಚೇಣಿ ಕೊಡೋದು ಬೇಡ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಲಿ ರೇರ್ ಅರ್ತ್ ಖನಿಜಗಳ ಬಗ್ಗೆ, ಅಂದ್ರೆ ಜೋರು ಮ್ಯಾಗ್ನೆಟ್ ಮಾಡೋಕೆ ಬೇಕಾದ ಧಾತುಗಳ ಬಗ್ಗೆ, ಬಂದ ಲೇಖನ ಓದ್ದೆ. ನಮ್ಮ ದೇಶದ ಕಡಲ ತೀರದ ಮರಳಲ್ಲೇ ಬೇಕಾದಷ್ಟು ಇದೆ, ತೆಗೆದ್ರೆ ಸಾಕು, ಚೀನಾದ ಮುಂದೆ ಕೈ ಚಾಚೋದು ತಪ್ಪತ್ತೆ ಅನ್ನೋ ಧಾಟಿ ಅದ್ರಲ್ಲಿತ್ತು. ನಾನು ಸಾಗರದಲ್ಲಿ ಇಪ್ಪತ್ತೈದು ವರ್ಷದಿಂದ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಕೊಂಡಿರೋನು, ವಿಜ್ಞಾನಿ ಅಲ್ಲ, ಆದ್ರೆ ಈ ಮ್ಯಾಗ್ನೆಟ್ ಅನ್ನೋದು ದಿನಾ ಕೈಗೆ ಅಂಟ್ಕೊಳ್ಳೋ ಸಾಮಾನು, ಹಾಗಾಗಿ ನಾಲ್ಕು ಮಾತು ಬರೀತಿದೀನಿ, ಉದ್ದ ಆದ್ರೆ ಕತ್ರಿ ಹಾಕಿ.

2025ರ ಜೂನ್‌ನಲ್ಲಿ ನಮ್ಮೂರ ಹತ್ರದ ಮೇಷ್ಟ್ರೊಬ್ರು ಕರೆಂಟ್ ಸ್ಕೂಟರ್ ತಳ್ಕೊಂಡು ಬಂದ್ರು. ಹಿಂದಿನ ಚಕ್ರ ಕರಕರ ಅಂತಿತ್ತು. ಅದ್ರ ಮೋಟಾರ್ ಚಕ್ರದ ಒಳಗೇ ಇರತ್ತೆ, ಬಿಚ್ಚಿ ನೋಡಿದ್ರೆ ರಿಮ್ಮಿನ ಒಳಗೋಡೆಗೆ ಬೆರಳಗಲದ ಮ್ಯಾಗ್ನೆಟ್ ಪಟ್ಟಿಗಳನ್ನ ಸಾಲಾಗಿ ಅಂಟ್ಸಿರ್ತಾರೆ, ಬೆಳ್ಳಿ ಥರ ಹೊಳೀತವೆ, ಸ್ಕ್ರೂಡ್ರೈವರ್ ಹತ್ರ ತಂದ್ರೆ ಟಕ್ ಅಂತ ಕಚ್ಚಿ ಹಿಡ್ಕೊಂಡ್ರೆ ಬಿಡ್ಸೋಕೆ ಎರಡು ಕೈ ಬೇಕು. ಇವ್ರ ಗಾಡಿ ಮಳೆಗಾಲದ ನೀರಲ್ಲಿ ಓಡಾಡಿ ಸೀಲ್ ಹೋಗಿತ್ತು, ನಾಲ್ಕೈದು ಪಟ್ಟಿಯ ಮೇಲಿನ ನಿಕ್ಕಲ್ ಲೇಪ ಎದ್ದು ಒಳಗೆಲ್ಲ ತುಕ್ಕು ಹಿಡ್ದು ಹುರಿಟ್ಟಿನ ಥರ ಉದುರ್ತಿತ್ತು. ಹೊರಗಿಂದ ನೋಡಿದ್ರೆ ಏನೂ ಆಗಿಲ್ಲ. ತಾಮ್ರದ ವೈಂಡಿಂಗ್ ಸುಟ್ಟಿದ್ರೆ ಸಂಜೆ ಒಳಗೆ ಸುತ್ತಿ ಕೊಡ್ತಿದ್ದೆ, ಮ್ಯಾಗ್ನೆಟ್ ಹೋದ್ರೆ ನಾನೇನ್ ಮಾಡ್ಲಿ. ಕಂಪನಿ ಸರ್ವೀಸ್ ಸೆಂಟರಿಗೆ ಕೇಳಿದ್ರೆ ಸ್ಟಾಕ್ ಇಲ್ಲ, ಮೇಲಿಂದಾನೇ ಬರ್ತಿಲ್ಲ ಅಂದ್ರು. ಸ್ಕೂಟರ್ ನಮ್ಮ ಅಂಗಡಿ ಜಗುಲಿ ಮೇಲೆ ಗಣೇಶನ ಹಬ್ಬ ಕಳೆಯೋ ತನಕ ಟಾರ್ಪಾಲ್ ಹೊದ್ಕೊಂಡು ನಿಂತಿತ್ತು, ಮೇಷ್ಟ್ರು ಬಸ್ಸಲ್ಲಿ ಶಾಲೆಗೆ ಓಡಾಡಿದ್ರು.

ಆಮೇಲೆ ಪೇಪರ್ ಓದಿ ಗೊತ್ತಾಗಿದ್ದು, 2025ರ ಏಪ್ರಿಲ್ 4ಕ್ಕೆ ಚೀನಾದವ್ರು ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಹೀಗೆ ಏಳು ಧಾತು ಮತ್ತೆ ಅವುಗಳಿಂದ ಮಾಡೋ ಮ್ಯಾಗ್ನೆಟ್ಟುಗಳ ರಫ್ತಿಗೆ ಲೈಸೆನ್ಸ್ ಬೇಕು ಅಂತ ಮಾಡಿದ್ರು, ಅಷ್ಟಕ್ಕೇ ನಮ್ಮ ದೊಡ್ಡ ದೊಡ್ಡ ಗಾಡಿ ಕಂಪನಿಗಳು ಉತ್ಪಾದನೆ ಕಮ್ಮಿ ಮಾಡೋ ಪರಿಸ್ಥಿತಿ ಬಂತು. ಇದೇನು ಹೊಸ ವರಸೆ ಅಲ್ಲ, 2010ರಲ್ಲಿ ಜಪಾನ್ ಜೊತೆ ಜಗಳ ಆದಾಗ್ಲೂ ಇದೇ ಮಾಡಿದ್ರು. ಸ್ಕೂಟರ್ ಹೋಗ್ಲಿ ಬಿಡಿ, ಕ್ಷಿಪಣಿ, ಯುದ್ಧ ವಿಮಾನ, ರಾಡಾರ್ ಎಲ್ಲದಕ್ಕೂ ಇದೇ ಬೇಕು. ಹಾಗಾಗಿ ನಮ್ಮದು ಅಂತ ಒಂದು ದಾರಿ ಬೇಕು ಅನ್ನೋದ್ರಲ್ಲಿ ನನಗೆ ತಕರಾರಿಲ್ಲ. ಅಗೆಯೋದೇ ಬೇಡ ಅನ್ನೋ ಪಾರ್ಟಿ ನಾನಲ್ಲ.

ನನ್ನ ತಕರಾರು ಇರೋದು ಅಗೆದ್ರೆ ಮುಗೀತು ಅನ್ನೋ ಮಾತಿಗೆ.

ನಮ್ಮ ಕಡೆ ಅಡಿಕೆ ತೋಟ ಇರೋರಿಗೆ ಬಿಡ್ಸಿ ಹೇಳ್ಬೇಕಾಗಿಲ್ಲ. ಅಡಿಕೆ ಗೊನೆ ಇಳಿಸೋದು ಒಂದು ದಿನದ ಕೆಲಸ. ಆಮೇಲೆ ಸುಲಿ, ಚೊಗರಲ್ಲಿ ಬೇಯ್ಸು, ಒಣಗ್ಸು, ಮಳೆ ಬಂದ್ರೆ ಓಡೋಡಿ ಮುಚ್ಚು, ಕೊನೆಗೆ ಹಸ ಬೇರೆ ಬೆಟ್ಟೆ ಬೇರೆ ರಾಶಿ ಬೇರೆ ಗೊರಬಲು ಬೇರೆ ಅಂತ ಆರ್ಸು, ಆಗ ಮಂಡಿಲಿ ರೇಟು. ಇಷ್ಟು ಉಸಾಬರಿ ಬೇಡ ಅಂದೋನು ಚೇಣಿ ಕೊಡ್ತಾನೆ, ಅಂದ್ರೆ ಮರದ ಮೇಲಿನ ಫಸಲನ್ನೇ ಗುತ್ತಿಗೆ ಬಿಡ್ತಾನೆ, ತೋಟ ನಮ್ದೇ, ಮರ ನಮ್ದೇ, ಗೊಬ್ಬರ ಹಾಕಿದ್ದೂ ನಾವೇ, ದುಡ್ಡು ಮಾತ್ರ ಚೇಣಿಯವಂದು. ರೇರ್ ಅರ್ತಿನ ಕಥೆ ಡಿಟ್ಟೋ ಇದೇ ಮಾರಾಯ್ರೆ. ಕಡಲ ಮರಳಲ್ಲಿ ಇಲ್ಮನೈಟ್, ರೂಟೈಲ್, ಜಿರ್ಕಾನ್, ಗಾರ್ನೆಟ್ ಅನ್ನೋ ಖನಿಜ ಎಲ್ಲ ಬೆರ್ತ್ಕೊಂಡಿರತ್ತೆ, ಅದ್ರ ಮಧ್ಯ ಚೂರುಪಾರು ಮೊನಜೈಟ್. ಆ ಮೊನಜೈಟನ್ನ ಬೇರೆ ಮಾಡಿ ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿ ಕರಗ್ಸಿದ್ರೆ ರೇರ್ ಅರ್ತ್ ಧಾತುಗಳು ಎಲ್ಲ ಒಟ್ಟಿಗೇ ಬರ್ತವೆ. ಇವು ಒಟ್ಟು ಹದಿನೇಳು, ಗುಣದಲ್ಲಿ ಅವಳಿ ಮಕ್ಕಳ ಥರ, ಒಂದನ್ನ ಇನ್ನೊಂದ್ರಿಂದ ಬೇರೆ ಮಾಡೋದೇ ಪ್ರಾಣಸಂಕಟ. ಆಸಿಡ್ ದ್ರಾವಣಾನ ಸೀಮೆಎಣ್ಣೆಲಿ ಬೆರೆಸಿದ ಕೆಮಿಕಲ್ ಜೊತೆ ಕಲಸೋದು, ಬೇರೆ ಆಗೋಕೆ ಬಿಡೋದು, ಮತ್ತೆ ಕಲಸೋದು, ಹೀಗೆ ನೂರಾರು ಸಲ ಮಾಡಿದ ಮೇಲೆ ಒಂದೊಂದೇ ಶುದ್ಧ ಆಗಿ ಸಿಗತ್ತೆ. ಆಮೇಲೆ ಅದನ್ನ ಲೋಹ ಮಾಡ್ಬೇಕು, ಕಬ್ಬಿಣ ಬೋರಾನ್ ಜೊತೆ ಮಿಶ್ರ ಮಾಡ್ಬೇಕು, ಪುಡಿ ಮಾಡಿ ಒತ್ತಿ ಸುಡ್ಬೇಕು, ಆಗ ಮೇಷ್ಟ್ರ ಸ್ಕೂಟರಿನ ಪಟ್ಟಿ. ಜಗತ್ತಿನಲ್ಲಿ ಅಗೆಯೋದ್ರಲ್ಲಿ ಚೀನಾದ ಪಾಲು ಸುಮಾರು 70 ಪರ್ಸೆಂಟ್, ಆದ್ರೆ ಶುದ್ಧ ಮಾಡೋದ್ರಲ್ಲಿ 90ರ ಹತ್ರ. ಅವ್ರ ಕೈ ಮೇಲಾಗಿದ್ದು ಗುದ್ದಲಿಯಿಂದ ಅಲ್ಲ.

ನಮ್ಮಲ್ಲಿ ಮಾಲಿಲ್ಲ ಅಂತಲ್ಲ. ಕೇರಳ, ತಮಿಳುನಾಡು, ಆಂಧ್ರ, ಒಡಿಶಾ ಇಲ್ಲೆಲ್ಲ ಸೇರಿ ಸುಮಾರು 1.3 ಕೋಟಿ ಟನ್ ಮೊನಜೈಟ್ ಇದೆ ಅಂತ ಅಣುಶಕ್ತಿ ಇಲಾಖೆ ಲೆಕ್ಕ. ಆದ್ರೆ ವರ್ಷಕ್ಕೆ ನಾವು ತೆಗೆಯೋ ರೇರ್ ಅರ್ತ್ 3,000 ಟನ್ನಿನ ಆಸುಪಾಸು, ಚೀನಾ 2024ರಲ್ಲಿ ತನ್ನ ಗಣಿಗಳಿಗೆ ಹಾಕ್ಕೊಂಡ ಕೋಟಾನೇ 2,70,000 ಟನ್. ಇನ್ನೊಂದು ತೊಡಕು ಲೇಖನದಲ್ಲಿ ಬರ್ಲೇ ಇಲ್ಲ. ನಮ್ಮ ಮರಳಲ್ಲಿ ಇರೋದು ಹೆಚ್ಚಾಗಿ ಹಗುರ ಜಾತಿಯವು, ನಿಯೋಡಿಮಿಯಂ, ಸೀರಿಯಂ, ಲ್ಯಾಂಥನಂ. ಮೋಟಾರ್ ಕಾದಾಗ ಮ್ಯಾಗ್ನೆಟ್ ಶಕ್ತಿ ಕಳ್ಕೋಬಾರ್ದು ಅಂತ ಸೇರ್ಸೋ ಡಿಸ್ಪ್ರೋಸಿಯಂ, ಟರ್ಬಿಯಂ ನಮ್ಮಲ್ಲಿ ತೆಗೆಯೋಕೆ ಆಗೋಷ್ಟು ಇಲ್ಲ ಅಂತ ಸರ್ಕಾರಾನೇ ಹೇಳಿದೆ. ಅಂದ್ರೆ ಇಡೀ ತೀರ ಅಗೆದ್ರೂ ಒಂದು ಕಾಲು ಚೀನಾದ ಹೊಸ್ತಿಲ ಮೇಲೇ ಇರತ್ತೆ, ಬೇರೆ ದೇಶದಿಂದ ತರ್ಬೇಕು ಇಲ್ಲ ಅದು ಬೇಡದ ಮ್ಯಾಗ್ನೆಟ್ ಕಂಡುಹಿಡೀಬೇಕು.

ಇಲ್ಲಿ ಒಂದು ಹಳೇ ನೆನಪು ಹೇಳ್ಬೇಕು. ನಾನು ಸಣ್ಣೋನಿದ್ದಾಗ ಊರಲ್ಲಿ ಯಕ್ಷಗಾನದ ಆಟ ಆದ್ರೆ ಗ್ಯಾಸ್ ಲೈಟೇ ಗತಿ. ಅಜ್ಜ ಹೊಸ ಮ್ಯಾಂಟಲ್ ತಗೊಂಡು ದಾರ ಬಿಗ್ದು ಕಟ್ಟಿ ಬೆಂಕಿ ತಾಗ್ಸಿದ್ರೆ ಬಟ್ಟೆ ಎಲ್ಲ ಸುಟ್ಟು ಬಿಳೀ ಬೂದಿಯ ಬಲೆ ಉಳೀತಿತ್ತು, ಪಂಪು ಹೊಡ್ದ್ರೆ ಭುಸ್ ಅಂತ ಇಡೀ ರಂಗಸ್ಥಳ ಬೆಳ್ಳಗೆ. ಮಳೆಹುಳ ಬಡಿದ್ರೂ ಪುಡಿ ಆಗ್ತಿತ್ತು, ಮುಟ್ಟಿದ್ರೆ ಅಜ್ಜನ ಕೈಲಿ ಬೆನ್ನಿಗೆ ಬೀಳ್ತಿತ್ತು. ಆ ಬಲೆ ಥೋರಿಯಂ ಮತ್ತೆ ಚೂರು ಸೀರಿಯಂ ಅಂತ, ಅದು ಬರ್ತಿದ್ದುದು ಮೊನಜೈಟಿಂದ ಅಂತ ಗೊತ್ತಾಗಿದ್ದು ಈಗ ಈ ವಿಷಯ ಕೆದಕಿದಾಗ. ತಿರುವಾಂಕೂರಿಂದ ಹೋದ ತೆಂಗಿನ ನಾರಿಗೆ ಅಂಟ್ಕೊಂಡಿದ್ದ ಮರಳಲ್ಲಿ ಮೊನಜೈಟ್ ಇದೆ ಅಂತ 1909ರಲ್ಲಿ ಕಂಡುಕೊಂಡಿದ್ದು ಶೋಂಬರ್ಗ್ ಅನ್ನೋ ಜರ್ಮನ್ ಕೆಮಿಸ್ಟ್. ಆಮೇಲೆ ಮರಳು ಹಡಗಲ್ಲಿ ಯುರೋಪಿಗೆ ಹೋಯ್ತು, ಮ್ಯಾಂಟಲ್ ಅಲ್ಲಿ ತಯಾರಾಯ್ತು. ಸ್ವಾತಂತ್ರ್ಯ ಬಂದ್ಮೇಲೆ ಹಾಗೆ ಆಗಬಾರ್ದು ಅಂತಾನೇ 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಕಂಪನಿ ಕಟ್ಟಿ, 1952ರ ಡಿಸೆಂಬರಲ್ಲಿ ಕೇರಳದ ಆಲುವಾದ ಕಾರ್ಖಾನೆನ ನೆಹರು ಉದ್ಘಾಟನೆ ಮಾಡಿದ್ರು. ಅಷ್ಟು ಮುಂಚೆ ಶುರು ಮಾಡಿದೋರು ನಾವು! ಎಪ್ಪತ್ತು ಚಿಲ್ಲರೆ ವರ್ಷ ಆದ್ಮೇಲೂ ಸ್ಕೂಟರಿನ ಮ್ಯಾಗ್ನೆಟ್ಟಿಗೆ ಕಾಯ್ತಾ ಕೂತಿದೀವಿ ಅಂದ್ರೆ ಮಧ್ಯದಲ್ಲಿ ಎಲ್ಲೋ ನಿದ್ದೆ ಹೋಗಿದೀವಿ ಅಂತ ತಾನೇ. 2023ರಲ್ಲಿ ವಿಶಾಖಪಟ್ಟಣದಲ್ಲಿ ಮ್ಯಾಗ್ನೆಟ್ ಘಟಕ ಶುರುವಾಗಿದೆ ನಿಜ, ಅದು ವರ್ಷಕ್ಕೆ 3,000 ಕೆಜಿ ಸಮೇರಿಯಂ ಕೋಬಾಲ್ಟ್ ಮ್ಯಾಗ್ನೆಟ್ಟಿಗೆ, ರಕ್ಷಣಾ ಮತ್ತೆ ಬಾಹ್ಯಾಕಾಶದ ಕೆಲಸಕ್ಕೆ. 2025ರ ನವೆಂಬರ್‌ನಲ್ಲಿ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಮಾಡೋ ಯೋಜನೆಗೆ ಕೇಂದ್ರ 7,280 ಕೋಟಿ ಒಪ್ಪಿಗೆ ಕೊಟ್ಟಿದೆ. ಸರಿಯಾದ ದಾರಿ ಇದೇ, ಚೇಣಿ ಬಿಟ್ಟು ಮನೇಲೇ ಬೇಯ್ಸೋ ದಾರಿ.

ಇನ್ನು ತೀರದ ಜನದ ಮಾತು. ಥೋರಿಯಂ ವಿಕಿರಣ ಇರೋ ಸಾಮಾನು, ಮೊನಜೈಟಲ್ಲಿ ಅದು ಎಂಟು ಹತ್ತು ಪರ್ಸೆಂಟ್ ಇರತ್ತೆ, ಅದಕ್ಕೇ ಈ ವ್ಯವಹಾರ ಅಣುಶಕ್ತಿ ಕಾನೂನಿನ ಕೆಳಗೆ ಬರೋದು, 2019ರಿಂದ ಕಡಲ ಮರಳಿನ ಖನಿಜ ಸರ್ಕಾರಿ ಕಂಪನಿಗಳಿಗೇ ಮೀಸಲು. ಒಳ್ಳೇದೇ ಆಯ್ತು, ಖಾಸಗಿಯವ್ರು ಗಾರ್ನೆಟ್ ಹೆಸರಲ್ಲಿ ಏನೇನೋ ಸಾಗಿಸ್ತಿದಾರೆ ಅನ್ನೋ ಗಲಾಟೆಗೆ ತಮಿಳುನಾಡು 2013ರಲ್ಲೇ ಗಣಿಗಾರಿಕೆ ನಿಲ್ಲಿಸಿತ್ತು. ವಿಕಿರಣದ ಬಗ್ಗೆ ಸುಮ್ನೆ ಹೆದರ್ಸೋದೂ ತಪ್ಪು, ಕೊಲ್ಲಂ ಜಿಲ್ಲೆ ಕರುನಾಗಪಳ್ಳಿ ಕಡೆ ಜನ ತಲೆತಲಾಂತರದಿಂದ ಆ ಮರಳ ಮೇಲೇ ಬದುಕಿದಾರೆ, ಅಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ಅದ್ರಿಂದ ಕ್ಯಾನ್ಸರ್ ಜಾಸ್ತಿ ಆಗಿದೆ ಅಂತ ಸಿಕ್ಕಿಲ್ಲ. ಅಲ್ಲಿನೋರ ಸಂಕಟ ಬೇರೆ. ಆಲಪ್ಪಾಡ್ ಅನ್ನೋ ಪಂಚಾಯ್ತಿ, ಒಂದು ಬದಿ ಕಡಲು ಇನ್ನೊಂದು ಬದಿ ಕಾಲುವೆ, ಮಧ್ಯ ಪಟ್ಟಿಯಷ್ಟಗಲ ನೆಲ, 2004ರ ಸುನಾಮಿಲಿ ಕೇರಳದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಾಗ. ಮರಳು ತೆಗೆದು ತೆಗೆದು ಊರೇ ಕಡಲಪಾಲು ಆಗ್ತಿದೆ ಅಂತ 2018ರ ಕೊನೆಯಿಂದ ಅವ್ರು ಸರದಿ ಉಪವಾಸ ಕೂತ್ರು. ಕೊರೆತಕ್ಕೆ ಗಣಿ ಒಂದೇ ಕಾರಣ ಅಲ್ಲ ಅಂತ ಕಂಪನಿಗಳು ಹೇಳ್ತವೆ, ಇರ್ಬಹುದು, ಆದ್ರೆ ಮನೆ ಬಾಗಿಲಿಗೆ ಅಲೆ ಬಂದೋನಿಗೆ ಆ ವಾದ ತಗೊಂಡು ಏನಾಗ್ಬೇಕು.

ಇದೆಲ್ಲ ನಮಗ್ಯಾಕೆ ಅಂತ ಘಟ್ಟದ ಮೇಲಿನೋರು ಕೇಳ್ಬಾರ್ದು. ಕುದುರೆಮುಖ ನೋಡಿದೀವಿ ನಾವು. ಇರಾನಿಗೆ ಕಬ್ಬಿಣದ ಅದಿರು ಕೊಡೋಕೆ ಅಂತ 1976ರಲ್ಲಿ ಕಂಪನಿ ಕಟ್ಟಿದ್ರು, ಗುಡ್ಡ ಬಗೆದು ಅದಿರನ್ನ ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಲ್ಲಿ ಮಂಗಳೂರಿಗೆ ಇಳ್ಸಿದ್ರು, ಅಲ್ಲಿಂದ ಹಡಗು. ಇರಾನಲ್ಲಿ ಕ್ರಾಂತಿ ಆಗಿ ಆ ಗಿರಾಕಿ ಕೈ ಕೊಟ್ಟ, ಬೇರೆ ಗಿರಾಕಿ ಹುಡುಕ್ಕೊಂಡ್ರು. ನಮಗೆ ಉಳಿದಿದ್ದು ಲಖ್ಯಾ ಡ್ಯಾಮಿನ ತುಂಬ ಹೂಳು, ಮಳೆಗಾಲಕ್ಕೆ ಕೆಂಪಗೆ ಹರಿದ ಭದ್ರೆ. ಸುಪ್ರೀಂ ಕೋರ್ಟ್ ಹೇಳಿದ್ಮೇಲೆ 2005ರ ಡಿಸೆಂಬರ್ 31ಕ್ಕೆ ನಿಂತಿದ್ದು. ಆ ಅದಿರಿಂದ ಯಾವ ದೇಶದಲ್ಲಿ ಏನು ಕಟ್ಟಿದ್ರೋ ದೇವ್ರಿಗೇ ಗೊತ್ತು.

ಅದಕ್ಕೇ ನನಗೆ ತುಂಬ ಬೇಜಾರಾಗಿದ್ದು 2025ರ ಸೆಪ್ಟೆಂಬರಲ್ಲಿ ಪರಿಸರ ಇಲಾಖೆ ಹೊರಡಿಸಿದ ಆದೇಶ, ಅಣು ಖನಿಜ ಮತ್ತೆ ಇಂಥ ಆಯಕಟ್ಟಿನ ಖನಿಜಗಳ ಗಣಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಾಗಿಲ್ಲ ಅಂತ. ದೇಶದ ಭದ್ರತೆ ಅಂತೆ. ಅದೇ ಸಮಯಕ್ಕೆ ನಮ್ಮಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆ ನಡೀತು, ಜನ ಬಾಯಿಬಿಟ್ಟು ಬೈದ್ರು, ಕೆಲವ್ರು ಬೇಕು ಅಂದ್ರು, ಅಧಿಕಾರಿಗಳು ಬರ್ಕೊಂಡ್ರು. ಅದ್ರಿಂದ ಯೋಜನೆ ನಿಲ್ಲತ್ತೋ ಬಿಡತ್ತೋ, ಆದ್ರೆ ಹೇಳೋಕೆ ಒಂದು ಮೈಕ್ ಅಂತ ಇತ್ತು. ಲಿಂಗನಮಕ್ಕಿ ಡ್ಯಾಮ್ ಕಟ್ಟೋ ಕಾಲದಲ್ಲಿ ಅದೂ ಇರ್ಲಿಲ್ಲ, ಮುಳುಗಡೆಯೋರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ತಾಲೂಕಾಫೀಸ್ ಮೆಟ್ಲು ಸವೆಸ್ತಿದಾರೆ. ಆಲಪ್ಪಾಡಿನ ಮೀನುಗಾರನಿಗೂ ಒಡಿಶಾ ತೀರದ ಛತ್ರಪುರದ ರೈತನಿಗೂ ಆ ಮೈಕ್ ಯಾಕೆ ಕಿತ್ಕೋಬೇಕು? ಗುಟ್ಟಿನ ಸಂಗತಿ ಇದ್ರೆ ಇಟ್ಕೊಳ್ಳಿ, ನಮ್ಮೂರಲ್ಲಿ ಎಷ್ಟು ಅಡಿ ಆಳ ಅಗೀತೀರಿ, ವಾಪಸ್ ಮರಳು ತುಂಬ್ತೀರೋ ಇಲ್ವೋ ಅನ್ನೋದು ಯಾವ ಗುಟ್ಟು.

ಕೊನೆದೊಂದು. ಮೇಷ್ಟ್ರ ಸ್ಕೂಟರಿಂದ ಬಿಚ್ಚಿದ್ದು, ಆಮೇಲೆ ಬಂದ ಇನ್ನೆರಡು ಮೋಟಾರಿಂದು, ಹಳೇ ಕಂಪ್ಯೂಟರ್ ಹಾರ್ಡ್ ಡಿಸ್ಕಿಂದು, ಎಲ್ಲ ಮ್ಯಾಗ್ನೆಟ್ ಒಂದು ಅಮೂಲ್ ಡಬ್ಬಿಲಿ ಹಾಕಿಟ್ಟಿದೀನಿ, ಒಂದಕ್ಕೊಂದು ಕಚ್ಕೊಂಡು ಉಂಡೆ ಆಗಿದೆ, ಎರಡು ಕೆಜಿ ಮೇಲೇ ಇರ್ಬಹುದು. ಅದ್ರಲ್ಲಿ ಮೂರರಲ್ಲೊಂದು ಪಾಲು ನಿಯೋಡಿಮಿಯಂ ಥರದವೇ, ಯಾವ ಕಡಲ ಮರಳಿಗಿಂತ್ಲೂ ಗಟ್ಟಿ ಅದಿರು. ಗುಜರಿಯೋನಿಗೆ ಕೊಟ್ರೆ ತಾಮ್ರ ಕೊಡಿ ಸಾಕು, ಇದು ತಕ್ಕಡಿಗೆ ಅಂಟ್ಕೊಂಡು ತೂಕ ಕೆಡ್ಸತ್ತೆ, ನೀವೇ ಇಟ್ಕೊಳ್ಳಿ ಅಂದ. ಇಂಥದ್ನ ವಾಪಸ್ ತೆಗೆಯೋ ರೀಸೈಕ್ಲಿಂಗಿಗೆ 2025ರಲ್ಲಿ ಕೇಂದ್ರ 1,500 ಕೋಟಿ ಯೋಜನೆ ಮಾಡಿದೆ. ಶಿವಮೊಗ್ಗ ಜಿಲ್ಲೆಲಿ ಇದನ್ನ ತಗೊಳ್ಳೋರು ಯಾರಾದ್ರೂ ಇದ್ರೆ ನಿಮ್ಮ ಪತ್ರಿಕೆಲಿ ಹಾಕಿ, ಡಬ್ಬಿ ನಾನೇ ತಂದು ಕೊಡ್ತೀನಿ.

ಇಂತಿ,
ಮೋಟಾರ್ ವೈಂಡಿಂಗ್ ಕೆಲಸದ ಒಬ್ಬ ಓದುಗ, ಸಾಗರ