ಕ್ಯಾನ್ಸರ್ ಗೆದ್ದ ಮಕ್ಕಳನ್ನು ಆಮೇಲೆ ನೋಡಿಕೊಳ್ಳುವವರು ಯಾರು? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಪ್ರತಿ ಫೆಬ್ರವರಿ 15ಕ್ಕೆ, ಅಂತರರಾಷ್ಟ್ರೀಯ ಬಾಲ್ಯ ಕ್ಯಾನ್ಸರ್ ದಿನ ಅಂತ, ವಾರ್ಡಿಗೆ ಬಂದು ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುತ್ತೀರಿ. ಬನ್ನಿ, ಒಳ್ಳೆಯದೇ. ಆದರೆ ಆ ಮಕ್ಕಳಿಗೆ ಕೂದಲು ಮತ್ತೆ ಬೆಳೆದ ಮೇಲೆ ಏನಾಗುತ್ತದೆ ಅಂತ ಯಾರಾದರೂ ನಿಮಗೆ ಹೇಳಿದ್ದಾರಾ? ನಾನು ಹೇಳುತ್ತೇನೆ. ನಾನೂ ಅದೇ ಥರದ ವಾರ್ಡಿನಲ್ಲಿ ಮಲಗಿದ್ದವಳು.

ಈಗ ದೊಡ್ಡವಳಾಗಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂತ ಡಾಕ್ಟರ ಹತ್ತಿರ ಹೋದೆ. ಚಿಕ್ಕಂದಿನಲ್ಲಿ ಯಾವ ಔಷಧಿ ಕೊಟ್ಟಿದ್ದರು, ಒಟ್ಟು ಡೋಸ್ ಎಷ್ಟು ಅಂತ ಕೇಳಿದರು. ಅಮ್ಮ ಜೋಪಾನವಾಗಿಟ್ಟಿದ್ದ ಫೈಲ್ ಬಿಚ್ಚಿದರೆ ಡಿಸ್ಚಾರ್ಜ್ ಕಾಗದದ ಅಕ್ಷರವೆಲ್ಲ ಅಳಿಸಿಹೋಗಿ, ಸೀಲ್ ಒಂದೇ ನೆಟ್ಟಗೆ ಕಾಣುತ್ತಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ ಅಷ್ಟು ಹಳೆಯ ದಾಖಲೆ ಇಲ್ಲ ಅಂದರು.

ಡಾಕ್ಟರು ಸುಮ್ನೆ ಕೇಳಿದ್ದಲ್ಲ. ಡಾಕ್ಸೊರುಬಿಸಿನ್ ಅಂತ ಕೆಂಪು ಬಣ್ಣದ ಔಷಧಿ ಇದೆ, ಮಾರನೇ ದಿನ ಮೂತ್ರವೂ ಕೆಂಪಗೆ ಬರುತ್ತದೆ, ವಾರ್ಡಿನ ಮಕ್ಕಳಿಗೆಲ್ಲ ಗೊತ್ತು. ಅದು ಕ್ಯಾನ್ಸರನ್ನೂ ಕೊಲ್ಲುತ್ತದೆ, ಹೃದಯದ ಸ್ನಾಯುವನ್ನೂ ಸೊರಗಿಸಬಹುದು, ಅದು ಗೊತ್ತಾಗುವುದು ಎಷ್ಟೋ ಸಲ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ. ಒಟ್ಟು ಡೋಸ್ ಮೈಯ ಅಳತೆಯ ಚದರ ಮೀಟರಿಗೆ 250 ಮಿಲಿಗ್ರಾಂ ಮುಟ್ಟಿದ್ದರೆ ಅಪಾಯ ಜಾಸ್ತಿ, ಆಗಾಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತಲೇ ಇರಬೇಕು. ಡೋಸ್ ಎಷ್ಟು ಅಂತಲೇ ಗೊತ್ತಿಲ್ಲದಿದ್ದರೆ? ಇನ್ನು ಎದೆಗೆ ರೇಡಿಯೇಷನ್ ಆದ ಹುಡುಗಿಗೆ ಸ್ತನ ಕ್ಯಾನ್ಸರ್ ತಪಾಸಣೆ 25ರ ಸುಮಾರಿಗೇ ಶುರುವಾಗಬೇಕು. ತಲೆಗೆ ಆಗಿದ್ದರೆ ಬೆಳವಣಿಗೆ, ಓದು ಎರಡಕ್ಕೂ ಪೆಟ್ಟು ಬೀಳಬಹುದು. ಸಿಸ್ಪ್ಲಾಟಿನ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿಯಿಂದ ಕಿವಿ ಮಂದವಾಗಬಹುದು. ಅದನ್ನು ತಕ್ಕಮಟ್ಟಿಗೆ ತಡೆಯುವ ಸೋಡಿಯಂ ಥಯೋಸಲ್ಫೇಟ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2022ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅಂತ ವಿಚಾರಿಸಿ ನೋಡಿ.

18 ತುಂಬಿದ ದಿನದಿಂದ ಮಕ್ಕಳ ವಿಭಾಗ ನಮ್ಮನ್ನು ಒಳಗೆ ಬಿಡುವುದಿಲ್ಲ. ದೊಡ್ಡವರ ವಿಭಾಗಕ್ಕೆ ನಮ್ಮ ಕಥೆ ಗೊತ್ತಿಲ್ಲ. ವಿಮೆ ಕಂಪನಿಗೆ ಮಾತ್ರ ಚೆನ್ನಾಗಿ ನೆನಪಿರುತ್ತದೆ! ಫ್ರಾನ್ಸಿನಲ್ಲಿ ಚಿಕಿತ್ಸೆ ಮುಗಿದು 5 ವರ್ಷವಾದರೆ, ಕಾಯಿಲೆ ಮರುಕಳಿಸದಿದ್ದರೆ, ಸಾಲ ತೆಗೆದುಕೊಳ್ಳುವಾಗ ಮಾಡಿಸುವ ವಿಮೆಗೆ ಕ್ಯಾನ್ಸರ್ ವಿಷಯ ಹೇಳಲೇಬೇಕಿಲ್ಲ. ಕಾನೂನೇ ಇದೆ.

2030ರ ಹೊತ್ತಿಗೆ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕನಿಷ್ಠ ಶೇ 60ರಷ್ಟಾದರೂ ಬದುಕುಳಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಗುರಿ ಇಟ್ಟಿದೆ. ಆ ಗುರಿ ಹತ್ತಿರವಾದಷ್ಟೂ ನನ್ನಂಥವರು ಹೆಚ್ಚುತ್ತೇವೆ, ಅಲ್ವಾ? ಅದಕ್ಕೇನು ತಯಾರಿ ಮಾಡಿದ್ದೀರಿ?

ಹೊಸ ಕಟ್ಟಡ ಕೇಳುತ್ತಿಲ್ಲ. ಚಿಕಿತ್ಸೆ ಮುಗಿಸಿ ಹೊರಡುವ ಪ್ರತಿ ಮಗುವಿಗೂ ಔಷಧಿ, ಡೋಸ್, ರೇಡಿಯೇಷನ್, ಮುಂದೆ ಯಾವ ವಯಸ್ಸಿಗೆ ಯಾವ ತಪಾಸಣೆ ಅಂತ ಬರೆದ ಸಾರಾಂಶ ಕೊಡಿಸಿ. ಯುರೋಪಿನ ಕೆಲವೆಡೆ ಇದನ್ನು ಪಾಸ್‌ಪೋರ್ಟ್ ಅಂತಲೇ ಕರೆದು ಕೊಡುತ್ತಿದ್ದಾರೆ. ಅದರ ಪ್ರತಿ ಸರ್ಕಾರದ ಕಂಪ್ಯೂಟರಿನಲ್ಲೂ ಇರಲಿ. ದೊಡ್ಡವರಾದ ಮೇಲೆ ಹೋಗಲು ಒಂದು ಕ್ಲಿನಿಕ್ ಇರಲಿ, ಅಲ್ಲಿನ ತಪಾಸಣೆ ಜೀವನಪೂರ್ತಿ ಉಚಿತವಾಗಿರಲಿ. ಮನಸ್ಸಿನ ಕಷ್ಟ ಕೇಳುವವರೂ ಅಲ್ಲೇ ಸಿಗಲಿ.

ಇದಕ್ಕೆ ಉತ್ತರವನ್ನೂ ಬಹಿರಂಗವಾಗಿಯೇ ಕೊಡಿ. ಯಾವಾಗ ಶುರು ಅಂತ ತಾರೀಖು ಹಾಕಿ.

ಇಂತಿ,
ಕ್ಯಾನ್ಸರ್ ವಾಸಿಯಾಗಿರುವ ಒಬ್ಬ ಮತದಾರಳು